ಚುಚ್ಚಿಸಿಕೊಂಡವರ ನಷ್ಟಕ್ಕೆ ಹೊಣೆ ಯಾರು?

ಮಳೆಗಾಲ ಮುಗಿದು ಅಡಿಕೆ ಕೊಯ್ಲಿಗೆ ಇನ್ನೂ ಸ್ವಲ್ಪ ದಿನವಿದೆ ಎನ್ನುವಾಗ ಶಿವಮೊಗ್ಗ ಜಿಲ್ಲೆಯ ಕಾಡಂಚಿನ ಹಳ್ಳಿಗಳಿಗೆ ಆರೋಗ್ಯ ಇಲಾಖೆಯವರು ಮಂಜುಗಡ್ಡೆಯ ಡಬ್ಬಿ ಹಿಡಿದು ಬರುತ್ತಿದ್ದ ಕಾಲವೊಂದಿತ್ತು. ಮಂಗನ ಕಾಯಿಲೆಯ ಚುಚ್ಚುಮದ್ದು ಹಾಕುವುದು ಅವರ ಕೆಲಸ. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷ ವರ್ಷವೂ ಒಂದೊಂದು. ಚುಚ್ಚಿದ ಜಾಗ ನೋಯುತ್ತಿತ್ತು. ಲಸಿಕೆ ಬೇಡವೆನ್ನಲು ಜನ ಕೊಟ್ಟ ಕಾರಣಗಳಲ್ಲಿ ಈ ನೋವೂ ಒಂದೆಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ಪೇಟೆಯಲ್ಲಿ ಕುಳಿತು ಓದುವವರಿಗೆ ಇದು ಕ್ಷುಲ್ಲಕವೆನಿಸಬಹುದು. ಆದರೆ ದಿನಗೂಲಿಯವನ ತೋಳು ಎರಡು ದಿನ ಮೇಲೇಳದಿದ್ದರೆ ಎರಡು ದಿನದ ಕೂಲಿ ಹೋದಂತೆಯೇ. ಆ ಲೆಕ್ಕ ಆರೋಗ್ಯ ಇಲಾಖೆಯ ಯಾವ ಕಾಲಮ್ಮಿನಲ್ಲೂ ಇರಲಿಲ್ಲ.

ಲಸಿಕೆಯಿಂದ ಆದ, ಅಥವಾ ಆಯಿತೆಂದು ಜನ ಹೇಳುವ ಹಾನಿಗೆ ಪರಿಹಾರ ಕೊಡಬೇಕೇ, ಕೊಡಬೇಕಾದರೆ ಯಾರು, ಎಷ್ಟು, ಯಾವ ಸಾಕ್ಷ್ಯದ ಮೇಲೆ ಎಂಬ ಪ್ರಶ್ನೆಗೆ ಈಗ ನೂರಕ್ಕೂ ಹೆಚ್ಚು ವರ್ಷಗಳ ಇತಿಹಾಸವಿದೆ. ಕೊರೊನಾ ಲಸಿಕೆಯ ನಂತರ ಅದು ನಮ್ಮ ಸುಪ್ರೀಂ ಕೋರ್ಟಿನ ಬಾಗಿಲಿಗೂ ಬಂದಿತು. ಮಾತು ಎತ್ತಿದ ಕೂಡಲೇ ಕೇಳುಗರು ಎರಡು ಬಣಗಳಾಗಿಬಿಡುತ್ತಾರೆ. ಪರಿಹಾರ ಕೇಳಿದವನು ಲಸಿಕೆಯ ಶತ್ರು ಎಂದು ಒಂದು ಬಣ, ಲಸಿಕೆ ಹಾಕಿಸುವವರೆಲ್ಲ ಕಂಪನಿಗಳ ದಲ್ಲಾಳಿಗಳು ಎಂದು ಇನ್ನೊಂದು ಬಣ. ಲಸಿಕೆ ಒಳ್ಳೆಯದೇ ಎಂಬುದು ಒಂದು ಪ್ರಶ್ನೆ. ಅಪರೂಪಕ್ಕೆ ಆಗುವ ಹಾನಿಯನ್ನು ಯಾರು ಹೊರಬೇಕು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಧೈರ್ಯವಾಗಿ ಹೌದು ಎಂದವರೇ ಎರಡನೆಯದನ್ನು ಹೆಚ್ಚು ಗಂಭೀರವಾಗಿ ಯೋಚಿಸಿದ್ದಾರೆ ಎಂಬುದು ಇತಿಹಾಸ ನೋಡಿದರೆ ತಿಳಿಯುತ್ತದೆ.

ಕನ್ನಡ ನಾಡಿಗೆ ಈ ಇತಿಹಾಸದಲ್ಲಿ ಒಂದು ಜಾಗವಿದೆ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಾಗ ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿ ದುಡಿದು ಭಾರತಕ್ಕೆ ಬಂದಿದ್ದ ವಾಲ್ಡೆಮಾರ್ ಹಾಫ್ಕಿನ್ ಎಂಬ ಯಹೂದಿ ವಿಜ್ಞಾನಿ ಮೂರು ತಿಂಗಳಲ್ಲಿ ಲಸಿಕೆಯೊಂದನ್ನು ಸಿದ್ಧಪಡಿಸಿದ. 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ಮರು ವರ್ಷ ಪ್ಲೇಗು ಹುಬ್ಬಳ್ಳಿ, ಧಾರವಾಡ, ಗದಗಗಳಿಗೆ ಹಬ್ಬಿತು. ಹುಬ್ಬಳ್ಳಿಯಲ್ಲಿ ಡಾ. ಲ್ಯೂಮನ್ ಎಂಬ ಸೈನ್ಯದ ವೈದ್ಯನ ಮೇಲ್ವಿಚಾರಣೆಯಲ್ಲಿ ಹತ್ತಾರು ಸಾವಿರ ಜನ ಚುಚ್ಚಿಸಿಕೊಂಡರು. ಹಾಫ್ಕಿನ್ ಲಸಿಕೆ ಊರಿಗೆ ಊರನ್ನೇ ಕಾಯಬಲ್ಲದು ಎಂದು ತೋರಿಸಲು ಆ ಕಾಲದ ವರದಿಗಳು ಮತ್ತೆ ಮತ್ತೆ ಎತ್ತಿ ಹೇಳಿದ್ದು ಹುಬ್ಬಳ್ಳಿಯ ಹೆಸರನ್ನೇ. ಅದೇ ವರ್ಷ ಬೆಂಗಳೂರಿಗೂ ಪ್ಲೇಗು ಬಂತು. ಊರು ಬಿಟ್ಟು ಬಯಲಿನ ಜೋಪಡಿಗಳಲ್ಲಿ ತಿಂಗಳುಗಟ್ಟಲೆ ಕಳೆದ ಕಥೆ ನಮ್ಮ ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಮೈಸೂರು ಸೀಮೆಯ ಮನೆ ಮನೆಯಲ್ಲೂ ಇತ್ತು.

ಹುಬ್ಬಳ್ಳಿಯ ಯಶಸ್ಸಿನ ಬಲದ ಮೇಲೆ ಪಂಜಾಬಿನಲ್ಲಿ ಇನ್ನೂ ದೊಡ್ಡ ಕಾರ್ಯಕ್ರಮ ಶುರುವಾಯಿತು. 1902ರ ಅಕ್ಟೋಬರ್ 30ರಂದು ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ (ಅದು ಈಗ ಪಾಕಿಸ್ತಾನದಲ್ಲಿದೆ) 107 ಮಂದಿಗೆ ಲಸಿಕೆ ಹಾಕಲಾಯಿತು. ವಾರ ಕಳೆಯುವಷ್ಟರಲ್ಲಿ ಅವರಲ್ಲಿ 19 ಮಂದಿಗೆ ಧನುರ್ವಾಯು ಹಿಡಿಯಿತು. ಹತ್ತೊಂಬತ್ತು ಮಂದಿಯೂ ಸತ್ತರು. ಅಷ್ಟೂ ಮಂದಿಗೆ ಚುಚ್ಚಿದ್ದು ಒಂದೇ ಶೀಸೆಯ ಮದ್ದು. ಶೀಸೆಯ ಸಂಖ್ಯೆ 53-ಎನ್. ಬೇರೆ ಶೀಸೆಗಳಿಂದ ಚುಚ್ಚಿಸಿಕೊಂಡ ಉಳಿದವರಿಗೆ ಏನೂ ಆಗಲಿಲ್ಲ.

ಈ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಂದಿಗೂ ಲಸಿಕೆ ಹಾನಿಯ ಪ್ರತಿ ಮೊಕದ್ದಮೆಯಲ್ಲಿ ಏಳುವ ಪ್ರಶ್ನೆಗಳೆಲ್ಲ ಅಲ್ಲಿಯೇ ಎದ್ದಿದ್ದವು. ಧನುರ್ವಾಯುವಿನ ಕ್ರಿಮಿ ಶೀಸೆಯೊಳಗೆ ಬಂದಿತ್ತೆಂಬುದರಲ್ಲಿ ಅನುಮಾನವಿರಲಿಲ್ಲ. ಆದರೆ ಬಂದದ್ದು ಎಲ್ಲಿ? ಮುಂಬಯಿಯ ಪರೇಲಿನ ಪ್ರಯೋಗಾಲಯದಲ್ಲಿ ಮದ್ದು ತಯಾರಿಸುವಾಗಲೋ, ಹಳ್ಳಿಯಲ್ಲಿ ಬಿರಡೆ ತೆಗೆಯುವಾಗಲೋ? ಮೊದಲನೆಯದಾದರೆ ಹಾಫ್ಕಿನ್ ತಪ್ಪಿತಸ್ಥ, ಎರಡನೆಯದಾದರೆ ಅಲ್ಲಿನ ಸಿಬ್ಬಂದಿ. ಮುಂಬಯಿಯ ಮುಖ್ಯ ನ್ಯಾಯಾಧೀಶ ಸರ್ ಲಾರೆನ್ಸ್ ಜೆಂಕಿನ್ಸ್ ನೇತೃತ್ವದ ವಿಚಾರಣಾ ಆಯೋಗ ಪ್ರಯೋಗಾಲಯದತ್ತ ಬೆರಳು ಮಾಡಿತು. ಹಾಫ್ಕಿನ್ ಹುದ್ದೆ ಕಳೆದುಕೊಂಡ. ಆದರೆ ಶೀಸೆ ತೆರೆದ ವೈದ್ಯ ಅದರಲ್ಲಿ ಯಾವ ದುರ್ವಾಸನೆಯನ್ನೂ ಕಂಡಿರಲಿಲ್ಲ. ವಾರಗಟ್ಟಲೆ ಕ್ರಿಮಿ ಬೆಳೆದಿದ್ದರೆ ಮದ್ದು ನಾರಬೇಕಿತ್ತು. ಬಿರಡೆ ಕೀಳುವ ಇಕ್ಕಳ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು, ಅದನ್ನು ಬೆಂಕಿಯಲ್ಲಿ ಕಾಯಿಸದೆ ಹಾಗೆಯೇ ಔಷಧಿ ನೀರಿನಲ್ಲಿ ಅಲ್ಲಾಡಿಸಿ ಬಳಸಲಾಗಿತ್ತು ಎಂಬ ಸಂಗತಿಯೂ ದಾಖಲೆಯಲ್ಲಿತ್ತು. ಹಳ್ಳಿಯ ಮಣ್ಣಿನಲ್ಲಿ ಧನುರ್ವಾಯುವಿನ ಕ್ರಿಮಿ ಇರುವುದು ಸಾಮಾನ್ಯ. ಮಲೇರಿಯಾ ಸಂಶೋಧನೆಗಾಗಿ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ 1907ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹಾಫ್ಕಿನ್ ಪರವಾಗಿ ಬರೆದ ಮೇಲೆ ಸರ್ಕಾರ ಅವನನ್ನು ಆರೋಪದಿಂದ ಬಿಡಿಸಿತು. ಫ್ರಾನ್ಸಿನ ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಗೆ ಆದ ಅನ್ಯಾಯವನ್ನು ನೆನೆದು ಇದನ್ನು 'ಪುಟ್ಟ ಡ್ರೈಫಸ್ ಪ್ರಕರಣ' ಎಂದು ಕರೆದವರುಂಟು. ಪರೇಲಿನ ಪ್ರಯೋಗಾಲಯಕ್ಕೆ 1925ರಲ್ಲಿ ಹಾಫ್ಕಿನ್ ಹೆಸರನ್ನೇ ಇಟ್ಟರು.

ಎಲ್ಲ ಪುಸ್ತಕಗಳಲ್ಲೂ ಮುಲ್ಕೋವಾಲ್ ಎಂದರೆ ಹಾಫ್ಕಿನ್ನನ ಕಥೆ. ಹತ್ತೊಂಬತ್ತು ಮನೆಗಳ ಕಥೆ ಅಲ್ಲ. ತಪ್ಪು ಯಾರದು ಎಂಬ ಜಗಳ ಐದು ವರ್ಷ ನಡೆಯಿತು. ಆದರೆ ಇಕ್ಕಳ ಬಿದ್ದದ್ದು ಪರೇಲಿನಲ್ಲೋ ಪಂಜಾಬಿನಲ್ಲೋ ಎಂಬುದರಿಂದ ಮನೆಯ ದುಡಿಯುವ ಆಳನ್ನು ಕಳೆದುಕೊಂಡವರಿಗೆ ಏನು ವ್ಯತ್ಯಾಸ? ಎರಡೂ ಕಡೆ ಇದ್ದದ್ದು ಒಂದೇ ಸರ್ಕಾರ. ಆ ಸರ್ಕಾರದ ಮೇಲೆ ದಾವೆ ಹೂಡುವುದೂ ಸುಲಭವಿರಲಿಲ್ಲ. ಸರ್ಕಾರ ವ್ಯಾಪಾರಿಯಂತೆ ಮಾಡಿದ ಕೆಲಸಕ್ಕೆ ಮಾತ್ರ ನಷ್ಟ ಕೇಳಬಹುದು, ಪ್ರಭುತ್ವದ ಅಧಿಕಾರದಿಂದ ಮಾಡಿದ ಕೆಲಸಕ್ಕೆ ಕೇಳಲಾಗದು ಎಂಬ ಭೇದವನ್ನು 1861ರಲ್ಲೇ ಕಲ್ಕತ್ತದ ನ್ಯಾಯಾಲಯ, ಒಂದು ಹಡಗು ಕಂಪನಿಯ ಕುದುರೆಗೆ ಪೆಟ್ಟಾದ ಮೊಕದ್ದಮೆಯಲ್ಲಿ, ಹಾಕಿಕೊಟ್ಟಿತ್ತು. ಸ್ವತಂತ್ರ ಭಾರತದ ಸುಪ್ರೀಂ ಕೋರ್ಟು ಕೂಡ 1964ರಲ್ಲಿ ಕಸ್ತೂರಿಲಾಲ್ ಪ್ರಕರಣದಲ್ಲಿ ಅದೇ ಹಾದಿ ಹಿಡಿಯಿತು.

ಮುಲ್ಕೋವಾಲ್ ಆಯೋಗದ ಸದಸ್ಯರಲ್ಲಿ ಮೇಜರ್ ಡೇವಿಡ್ ಸೆಂಪಲ್ ಎಂಬ ವೈದ್ಯನೂ ಇದ್ದ. ಇತಿಹಾಸಕ್ಕೆ ಕೆಲವೊಮ್ಮೆ ಎಂಥ ತಮಾಷೆಯ ಬುದ್ಧಿ ನೋಡಿ. ಬೇರೊಬ್ಬನ ಲಸಿಕೆಯ ತಪ್ಪು ಹುಡುಕಲು ಕುಳಿತ ಈತನೇ 1911ರಲ್ಲಿ ಕಸೌಲಿಯಲ್ಲಿ ಹುಚ್ಚುನಾಯಿ ಕಡಿತಕ್ಕೆ ಹೊಸ ಲಸಿಕೆ ಮಾಡಿದ. ಅದೇ ಮುಂದೆ ನಮ್ಮ ನಾಡಿನ ಅತಿ ಪರಿಚಿತ, ಅತಿ ಭಯದ ಲಸಿಕೆಯಾಯಿತು. ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂದರೆ ನಡುವಯಸ್ಸು ದಾಟಿದ ಓದುಗರಿಗೆ ಬೇರೆ ವಿವರಣೆ ಬೇಕಿಲ್ಲ. ನಾಯಿ ಅಟ್ಟಿಸಿಕೊಂಡು ಬಂದರೆ ಮಕ್ಕಳು ಹೆದರುತ್ತಿದ್ದುದು ನಾಯಿಗಿಂತ ಆ ಹದಿನಾಲ್ಕಕ್ಕೇ.

ಕುರಿಯ ಮೆದುಳಿನಲ್ಲಿ ವೈರಸ್ ಬೆಳೆಸಿ, ಅದನ್ನು ಅರೆದು, ವೈರಸ್ಸನ್ನು ಕೊಂದು ತಯಾರಿಸುತ್ತಿದ್ದ ಮದ್ದು ಇದು. ಸತ್ತ ವೈರಸ್ಸಿನ ಜೊತೆಗೆ ಕುರಿಯ ಮೆದುಳಿನ ಅಂಶವೂ ಒಳಗೆ ಹೋಗುತ್ತಿತ್ತು. ನರಗಳ ಸುತ್ತ ಮಯಲಿನ್ ಎಂಬ ಕವಚವಿದೆ, ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆ ಇದ್ದಂತೆ. ಕುರಿಯ ಮಯಲಿನ್ನಿನ ವಿರುದ್ಧ ಕೆರಳಿದ ದೇಹದ ಸೈನ್ಯ ಕೆಲವರಲ್ಲಿ ತನ್ನದೇ ನರದ ಕವಚವನ್ನು ಶತ್ರುವೆಂದು ಬಗೆದು ಕಡಿಯತೊಡಗುತ್ತಿತ್ತು. ಕಾಲು ಸ್ವಾಧೀನ ತಪ್ಪುತ್ತಿತ್ತು, ಮೂತ್ರ ಕಟ್ಟುತ್ತಿತ್ತು, ಕೆಲವರು ಸಾಯುತ್ತಿದ್ದರು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇಂಥ ರೋಗಿಗಳನ್ನು ನೋಡಿ, 1980ರ ದಶಕದಲ್ಲಿ ಅಂತರರಾಷ್ಟ್ರೀಯ ವೈದ್ಯ ಪತ್ರಿಕೆಯಲ್ಲಿ ವರದಿ ಬರೆದಿದ್ದಾರೆ. ಆದ್ದರಿಂದ ಇದು ಯಾರೋ ಹಬ್ಬಿಸಿದ ವದಂತಿಯಲ್ಲ. ವೈದ್ಯಶಾಸ್ತ್ರವೇ ಒಪ್ಪಿಕೊಂಡ ಹಾನಿ.

ಹುಚ್ಚುನಾಯಿ ರೋಗ ಬಂದರೆ ಸಾವು ಖಂಡಿತ. ಹಾಗಾಗಿ ಕೆಲವು ಸಾವಿರಕ್ಕೊಬ್ಬರಿಗೆ ಪಾರ್ಶ್ವವಾಯು ಆದರೂ ಲಸಿಕೆ ಹಾಕಿಸಿಕೊಳ್ಳುವುದೇ ಸರಿ ಎಂಬ ವಾದಕ್ಕೆ ಎದುರಿಲ್ಲ. ಆದರೆ ಕಚ್ಚಿದ ನಾಯಿಗೆಲ್ಲ ಹುಚ್ಚು ಹಿಡಿದಿರುವುದಿಲ್ಲವಲ್ಲ. ಬೀದಿ ನಾಯಿ ಕಚ್ಚಿ ಓಡಿಹೋದರೆ ಅದಕ್ಕೆ ರೋಗವಿತ್ತೋ ಇಲ್ಲವೋ ತಿಳಿಯುವ ದಾರಿಯಿಲ್ಲ. ಅನುಮಾನದ ಮೇಲೆ ಹದಿನಾಲ್ಕೂ ಚುಚ್ಚಿಸಿಕೊಳ್ಳಬೇಕು. ಹುಚ್ಚಿಲ್ಲದ ನಾಯಿ ಕಚ್ಚಿ, ಲಸಿಕೆಯಿಂದ ಕಾಲು ಕಳೆದುಕೊಂಡವನ ಸ್ಥಿತಿಯನ್ನು ಯೋಚಿಸಿ. ಅವನು ಯಾವ ತಪ್ಪನ್ನೂ ಮಾಡಿಲ್ಲ. ಲಸಿಕೆ ಹಾಕಿದ ನರ್ಸು, ಮದ್ದು ತಯಾರಿಸಿದ ಸಂಸ್ಥೆ, ಆದೇಶ ಕೊಟ್ಟ ಇಲಾಖೆ, ಯಾರೂ ತಪ್ಪು ಮಾಡಿಲ್ಲ. ಎಲ್ಲ ನಿಯಮದಂತೆಯೇ ನಡೆದಿದೆ. ನ್ಯಾಯಾಲಯಕ್ಕೆ ಹೋದರೆ 'ಯಾರ ನಿರ್ಲಕ್ಷ್ಯ ತೋರಿಸುತ್ತೀಯಪ್ಪಾ?' ಎಂಬ ಮೊದಲ ಪ್ರಶ್ನೆಗೇ ಅವನ ಬಾಯಿ ಕಟ್ಟುತ್ತದೆ.

ಇದರಲ್ಲಿ ಇನ್ನೊಂದು ಅನ್ಯಾಯವೂ ಸೇರಿತ್ತು. ಮೆದುಳಿನ ಅಂಶವಿಲ್ಲದ, ಜೀವಕೋಶಗಳಲ್ಲಿ ಬೆಳೆಸಿದ ಸುರಕ್ಷಿತ ಲಸಿಕೆ 1970ರ ದಶಕದಲ್ಲೇ ಜಗತ್ತಿಗೆ ಬಂದಿತ್ತು. ಹಣವಿದ್ದವರು ಔಷಧಿ ಅಂಗಡಿಯಿಂದ ಅದನ್ನು ತಂದು ತೋಳಿಗೆ ಐದು ಚುಚ್ಚಿಸಿಕೊಂಡರು. ಇಲ್ಲದವರು ಸರ್ಕಾರಿ ಆಸ್ಪತ್ರೆಯ ಸಾಲಿನಲ್ಲಿ ನಿಂತು ಹೊಟ್ಟೆಗೆ ಚುಚ್ಚಿಸಿಕೊಂಡರು. ಮೆದುಳಿನ ಲಸಿಕೆ ನಿಲ್ಲಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 1980ರ ದಶಕದ ಆರಂಭದಲ್ಲೇ ಹೇಳಿದ್ದರು. ಭಾರತದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಕೊನೆಗೆ. ನಡುವಿನ ಇಪ್ಪತ್ತು ವರ್ಷಗಳ ಹಾನಿಯನ್ನು ಹಾಕಿಸಿಕೊಂಡವರೇ ಹೊತ್ತರು.

ತಪ್ಪಿತಸ್ಥರಿಲ್ಲದ ನಷ್ಟ ಎಂಬ ಈ ತೊಡಕನ್ನು ಮೊದಲು ಬಿಡಿಸಿದ್ದು ಜರ್ಮನಿ. ಅಲ್ಲಿ 1794ರ ಪ್ರಷ್ಯಾ ಸಂಹಿತೆಯಲ್ಲಿ ಒಂದು ಹಳೆಯ ಸೂತ್ರವಿತ್ತು: ಸಮಾಜದ ಹಿತಕ್ಕಾಗಿ ಒಬ್ಬ ತನ್ನ ಹಕ್ಕನ್ನು ತ್ಯಾಗ ಮಾಡಬೇಕಾಗಿ ಬಂದರೆ ರಾಜ್ಯ ಅವನಿಗೆ ಅದನ್ನು ತುಂಬಿಕೊಡಬೇಕು. ಹೊಲ, ಮನೆಗಳಿಗೆ ಅನ್ವಯಿಸುತ್ತಿದ್ದ ಆ ಸೂತ್ರವನ್ನು 1953ರಲ್ಲಿ ಪಶ್ಚಿಮ ಜರ್ಮನಿಯ ಉಚ್ಚ ನ್ಯಾಯಾಲಯ ಮೈಗೂ ಅನ್ವಯಿಸಿತು. ಕಡ್ಡಾಯ ಸಿಡುಬಿನ ಲಸಿಕೆಯಿಂದ ಹಾನಿಯಾದವರಿಗೆ ರಾಜ್ಯ ಪರಿಹಾರ ಕೊಡಬೇಕೆಂದಿತು. 1961ರಲ್ಲಿ ಅದು ಶಾಸನವಾಯಿತು, ಕಡ್ಡಾಯವಲ್ಲದಿದ್ದರೂ ಸರ್ಕಾರ ಬಹಿರಂಗವಾಗಿ ಶಿಫಾರಸು ಮಾಡಿದ ಲಸಿಕೆಗಳೂ ಅದರೊಳಗೆ ಬಂದವು. ರಸ್ತೆಗಾಗಿ ಒಬ್ಬನ ತೋಟ ತೆಗೆದುಕೊಂಡರೆ ಹಣ ಕೊಡುವ ಸರ್ಕಾರ, ಊರಿನ ಆರೋಗ್ಯಕ್ಕಾಗಿ ಒಬ್ಬನ ಕಾಲು ಹೋದರೆ ಸುಮ್ಮನಿರಬಹುದೇ ಎಂಬುದು ಅದರ ತರ್ಕ. ಶರಾವತಿಯ ಹಿನ್ನೀರಿಗೆ ಮನೆ ಜಮೀನು ಬಿಟ್ಟುಕೊಟ್ಟ ಜನರ ಜಿಲ್ಲೆಯಲ್ಲಿ ಈ ತರ್ಕವನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಕೊಟ್ಟ ಪರಿಹಾರ ಸಾಕಾಯಿತೇ ಎಂಬುದು ಬೇರೆ ಮಾತು.

ಅಮೆರಿಕ ಅದೇ ಜಾಗಕ್ಕೆ ಬಂದದ್ದು ಕೋರ್ಟು ಕಚೇರಿಗಳ ಸುತ್ತು ದಾರಿಯಲ್ಲಿ. 1955ರ ಏಪ್ರಿಲ್‌ನಲ್ಲಿ ಸಾಕ್ ಪೋಲಿಯೊ ಲಸಿಕೆ ಬಂದ ಸಂಭ್ರಮದ ನಡುವೆಯೇ ಕ್ಯಾಲಿಫೋರ್ನಿಯದ ಕಟರ್ ಎಂಬ ಕಂಪನಿಯ ಕೆಲವು ತಂಡಗಳಲ್ಲಿ ವೈರಸ್ ಸತ್ತಿರಲಿಲ್ಲ. ಲಸಿಕೆ ಹಾಕಿಸಿಕೊಂಡ ಮಕ್ಕಳು ಮತ್ತು ಅವರಿಂದ ಸೋಂಕು ತಗುಲಿದವರು ಸೇರಿ 164 ಮಂದಿಗೆ ಶಾಶ್ವತ ಪಾರ್ಶ್ವವಾಯು ಆಯಿತು, 10 ಮಂದಿ ಸತ್ತರು. ಕಾಲು ಕಳೆದುಕೊಂಡ ಬಾಲಕಿಯೊಬ್ಬಳ ಪರವಾಗಿ ನಡೆದ ಮೊಕದ್ದಮೆಯಲ್ಲಿ 1958ರಲ್ಲಿ ಜ್ಯೂರಿ ವಿಚಿತ್ರ ತೀರ್ಪು ಕೊಟ್ಟಿತು: ಕಂಪನಿ ನಿರ್ಲಕ್ಷ್ಯ ಮಾಡಿಲ್ಲ, ಆದರೂ ಹಣ ಕೊಡಬೇಕು. ಲಸಿಕೆ ಎಂದು ಮಾರಿದ ಮೇಲೆ ಅದು ರೋಗ ತಡೆಯುತ್ತದೆ, ರೋಗ ತರುವುದಿಲ್ಲ ಎಂಬ ಭರವಸೆ ಅದರಲ್ಲೇ ಅಡಗಿದೆ, ಆ ಭರವಸೆ ಮುರಿದದ್ದೇ ಸಾಕು ಎಂಬುದು ಅದರ ಸಾರ. ಬಾಲಕಿಗೆ ನ್ಯಾಯ ಸಿಕ್ಕಿತು. ಆದರೆ ಆ ಬಾಗಿಲು ತೆರೆದ ಮೇಲೆ ನಿಜವಾದ ಹಾನಿಯ ಜೊತೆಗೆ ಅನುಮಾನದ ಹಾನಿಯೂ ನುಗ್ಗಿತು. ನಾಯಿಕೆಮ್ಮಿನ ಲಸಿಕೆಯಿಂದ ಮಕ್ಕಳ ಮೆದುಳು ಕೆಡುತ್ತದೆಂಬ ಭಯ 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ, 1982ರಲ್ಲಿ ಒಂದು ಟಿ.ವಿ. ಕಾರ್ಯಕ್ರಮದ ನಂತರ ಅಮೆರಿಕದಲ್ಲಿ ಹಬ್ಬಿತು. ಮೊಕದ್ದಮೆಗಳ ಭಾರಕ್ಕೆ ಹೆದರಿ ತಯಾರಕರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಮಕ್ಕಳಿಗೆ ಮದ್ದೇ ಸಿಗದೆಂಬ ಸ್ಥಿತಿ ಬಂದಾಗ 1986ರಲ್ಲಿ ಅಮೆರಿಕದ ಸಂಸತ್ತು ಹೊಸ ಕಾಯಿದೆ ತಂದಿತು. ಪ್ರತಿ ಡೋಸಿಗೆ, ಅದು ತಡೆಯುವ ಪ್ರತಿ ರೋಗಕ್ಕೆ 75 ಸೆಂಟಿನಂತೆ ತೆರಿಗೆ. ಆ ನಿಧಿಯಿಂದ, ಯಾರ ತಪ್ಪನ್ನೂ ಸಾಬೀತು ಮಾಡದೆಯೇ, ಹಾನಿಗೊಂಡವರಿಗೆ ಪರಿಹಾರ. ಯಾವ ಲಸಿಕೆಯ ನಂತರ ಎಷ್ಟು ಅವಧಿಯೊಳಗೆ ಯಾವ ತೊಂದರೆ ಕಂಡರೆ ಅದು ಲಸಿಕೆಯದೇ ಎಂದು ಭಾವಿಸಬೇಕು ಎಂಬುದಕ್ಕೆ ಒಂದು ಪಟ್ಟಿ. ಇದುವರೆಗೆ ಹೀಗೆ ಕೊಟ್ಟ ಹಣ 500 ಕೋಟಿ ಡಾಲರ್ ದಾಟಿದೆ. ಬ್ರಿಟನ್ 1979ರಲ್ಲಿ 10,000 ಪೌಂಡಿನ ಇಡಿಗಂಟು ಪರಿಹಾರ ಶುರುಮಾಡಿತು, 2007ರಲ್ಲಿ ಅದು 1,20,000 ಪೌಂಡಾಯಿತು. ಆದರೆ ಶೇ 60ರಷ್ಟು ಅಂಗವೈಕಲ್ಯ ಇದ್ದವರಿಗೆ ಮಾತ್ರ. 59 ಇದ್ದವನ ಪಾಡೇನು ಎಂದು ಕೇಳಬೇಡಿ.

ಆ ನಾಯಿಕೆಮ್ಮಿನ ಕಥೆ ಇಲ್ಲಿಗೇ ಮುಗಿಯಲಿಲ್ಲ. ಲಸಿಕೆ ಹಾಕಿಸಿದ ದಿನ ಸಂಜೆ ಮಗುವಿಗೆ ಮೊದಲ ಬಾರಿ ಫಿಟ್ಸ್ ಬಂದು, ಆಮೇಲೆ ಬುದ್ಧಿ ಬೆಳವಣಿಗೆಯೇ ನಿಂತುಹೋದರೆ ಯಾವ ತಾಯಿ ತಾನೇ ಲಸಿಕೆಯನ್ನು ದೂರುವುದಿಲ್ಲ? 2006ರಲ್ಲಿ ಆಸ್ಟ್ರೇಲಿಯದ ಸ್ಯಾಮ್ಯುಯೆಲ್ ಬರ್ಕೊವಿಚ್ ಮತ್ತು ಸಂಗಡಿಗರು ಹೀಗೆ 'ಲಸಿಕೆಯಿಂದ ಮೆದುಳು ಕೆಟ್ಟ' 14 ಮಂದಿಯನ್ನು ಪರೀಕ್ಷಿಸಿದರು. 11 ಮಂದಿಯಲ್ಲಿ ಒಂದೇ ಜೀನಿನ ದೋಷ ಸಿಕ್ಕಿತು. ಅವರದು ಹುಟ್ಟಿನಿಂದಲೇ ಬಂದ ತೀವ್ರ ಮೂರ್ಛೆ ರೋಗ. ಲಸಿಕೆಯ ಜ್ವರ ಮೊದಲ ಫಿಟ್ಸಿಗೆ ನೆಪವಾಗಿರಬಹುದು, ಕಾರಣವಾಗಿರಲಿಲ್ಲ. ಆ ತಾಯಂದಿರು ಸುಳ್ಳು ಹೇಳಿರಲಿಲ್ಲ, ಕಂಡದ್ದನ್ನೇ ಹೇಳಿದ್ದರು. ಒಂದಾದ ಮೇಲೆ ಒಂದು ನಡೆಯಿತೆಂದರೆ ಮೊದಲನೆಯದೇ ಕಾರಣ ಎಂದುಕೊಳ್ಳುವುದು ಮನುಷ್ಯನ ಸಹಜ ಬುದ್ಧಿ. ಆಟಿಸಂ ವಿಷಯದಲ್ಲೂ ಹೀಗೇ ಆಯಿತು. ದಡಾರ ಲಸಿಕೆಗೆ ಅದನ್ನು ಗಂಟು ಹಾಕಿದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು, ಅಮೆರಿಕದ ಲಸಿಕಾ ನ್ಯಾಯಾಲಯ 2009ರಲ್ಲಿ ಆ ವಾದವನ್ನು ತಳ್ಳಿಹಾಕಿತು.

ಇನ್ನು ನಮ್ಮ ಮನೆಗೆ ಬರೋಣ. ಹೊಸಮನೆ ಎಂಬ ಬಡಾವಣೆ ಶಿವಮೊಗ್ಗದಲ್ಲೂ ಇದೆ, ಭದ್ರಾವತಿಯಲ್ಲೂ ಇದೆ. ಯಾವುದಾದರೊಂದು ಹೊಸಮನೆಯ ತಾಯಿಯೊಬ್ಬಳು ಮಗುವಿಗೆ ಸರ್ಕಾರಿ ಕೇಂದ್ರದಲ್ಲಿ ಲಸಿಕೆ ಹಾಕಿಸಿ, ಮಗುವಿಗೆ ತೊಂದರೆಯಾಯಿತು ಎಂದು ಊಹಿಸಿಕೊಳ್ಳಿ. ವೈದ್ಯರು ವರದಿ ಮಾಡುತ್ತಾರೆ, ಅದು ಜಿಲ್ಲೆಯ ಸಮಿತಿಯ ಮುಂದೆ, ಅಲ್ಲಿಂದ ರಾಜ್ಯ, ರಾಷ್ಟ್ರ ಮಟ್ಟಕ್ಕೆ ಹೋಗುತ್ತದೆ. ತಜ್ಞರು ಕುಳಿತು ವಿಂಗಡಿಸುತ್ತಾರೆ: ಲಸಿಕೆಯ ಗುಣದಿಂದಲೇ ಆದದ್ದೋ, ತಯಾರಿಕೆಯ ದೋಷವೋ, ಕೊಡುವಾಗಿನ ತಪ್ಪೋ (ಮುಲ್ಕೋವಾಲ್ ಈ ಗುಂಪಿನದು), ಸೂಜಿಯ ಭಯದಿಂದ ಆದದ್ದೋ, ಇಲ್ಲಾ ಕಾಕತಾಳೀಯವೋ. ಈ ವ್ಯವಸ್ಥೆ ಕಾರಣ ಹುಡುಕಲು ಹುಟ್ಟಿದ್ದು. ಹಣ ಕೊಡುವುದು ಅದರ ಕೆಲಸವಲ್ಲ.

ಹಣಕ್ಕಾಗಿ ಎಲ್ಲಿಗೆ ಹೋಗಬೇಕು? ಗ್ರಾಹಕರ ನ್ಯಾಯಾಲಯ ಎಂದು ಥಟ್ಟನೆ ಹೊಳೆಯುತ್ತದೆ. ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾಯಿದೆಯೊಳಗೆ ತಂದ ಪ್ರಸಿದ್ಧ ತೀರ್ಪು 1995ರ ನವೆಂಬರಿನದು, ವಿ.ಪಿ. ಶಾಂತಾ ಪ್ರಕರಣದ್ದು. ಆದರೆ ಅದೇ ತೀರ್ಪು ಎಲ್ಲರಿಗೂ ಪೂರ್ತಿ ಉಚಿತವಾಗಿ ಕೊಡುವ ಸೇವೆಯನ್ನು ಹೊರಗಿಟ್ಟಿತು. ಖಾಸಗಿ ಆಸ್ಪತ್ರೆಯಲ್ಲಿ ದುಡ್ಡು ಕೊಟ್ಟು ಹಾಕಿಸಿದವಳು ಗ್ರಾಹಕಳು, ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ ಹಾಕಿಸಿದವಳು ಅಲ್ಲ! ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬಹುದು, ಅಲ್ಲಿ ನಿರ್ಲಕ್ಷ್ಯ ಮತ್ತು ಕಾರಣ ಎರಡನ್ನೂ ಅವಳೇ ಸಾಬೀತು ಮಾಡಬೇಕು. ಶೀಸೆ, ಬ್ಯಾಚ್ ಸಂಖ್ಯೆ, ಶೀತಲ ಪೆಟ್ಟಿಗೆಯ ದಾಖಲೆ ಎಲ್ಲ ಇರುವುದು ಎದುರು ಪಕ್ಷದ ಕೈಯಲ್ಲಿ. ಮೂಲಭೂತ ಹಕ್ಕಿನ ಉಲ್ಲಂಘನೆಯೆಂದು ಹೈಕೋರ್ಟಿಗೆ ರಿಟ್ ಹಾಕಿದರೆ 1861ರ ಹಳೆಯ ಭೇದ ಅಡ್ಡ ಬರುವುದಿಲ್ಲ. 1993ರ ನೀಲಾಬತಿ ಬೆಹೆರಾ ತೀರ್ಪಿನ ಉಪಕಾರ ಅದು. ಆದರೆ ಉಲ್ಲಂಘನೆ ತೋರಿಸಲೇಬೇಕು.

ಔಷಧ ಪ್ರಯೋಗಕ್ಕೆ ಒಳಪಟ್ಟವರ ವಿಷಯದಲ್ಲಿ ನಮ್ಮ ಕಾನೂನು ಮುಂದೆ ಹೋಗಿದೆ. ಅದಕ್ಕೂ ಒಂದು ಲಸಿಕೆಯೇ ಹಿನ್ನೆಲೆಯಲ್ಲಿತ್ತು. 2009ರಲ್ಲಿ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಹುಡುಗಿಯರಿಗೆ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಲಸಿಕೆ ಹಾಕಿದ ಯೋಜನೆ, ಏಳು ಹುಡುಗಿಯರ ಸಾವಿನ ಸುದ್ದಿಯ ನಂತರ 2010ರಲ್ಲಿ ನಿಂತಿತು. ಸಾವಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು, ಆದರೆ ಒಪ್ಪಿಗೆ ಪಡೆದ ರೀತಿಯನ್ನು ಸಂಸತ್ತಿನ ಸಮಿತಿ 2013ರಲ್ಲಿ ಕಟುವಾಗಿ ಟೀಕಿಸಿತು. ಪ್ರಯೋಗಗಳ ಬಗ್ಗೆ ಇಂಥ ದೂರುಗಳು ಸೇರಿ ಸೇರಿ ಅದೇ ವರ್ಷ ಪರಿಹಾರದ ನಿಯಮ ಬಂತು, 2019ರಲ್ಲಿ ಅದು ವಿಸ್ತಾರವಾಯಿತು. ಪ್ರಯೋಗದಲ್ಲಿ ಸತ್ತರೆ 8 ಲಕ್ಷ ರೂಪಾಯಿಯನ್ನು ಮೂಲವಾಗಿಟ್ಟು, ವಯಸ್ಸು ಮತ್ತು ರೋಗದ ಗಂಭೀರತೆಯ ಗುಣಕಗಳಿಂದ ಲೆಕ್ಕ ಹಾಕುವ ಸೂತ್ರವೇ ಅದರಲ್ಲಿದೆ.

ಕೊರೊನಾ ಲಸಿಕೆ ಬಂದಾಗ ಈ ಅಂತರ ಎದ್ದು ಕಂಡಿತು. ಲಸಿಕೆಯ ನಂತರ ತೀರಿಕೊಂಡ ಇಬ್ಬರು ತರುಣಿಯರ ತಂದೆ ತಾಯಿಗಳು 2021ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಗಂಡನನ್ನು ಕಳೆದುಕೊಂಡ ಕೇರಳದ ಮಹಿಳೆಯ ಅರ್ಜಿಯಲ್ಲಿ ಅಲ್ಲಿನ ಹೈಕೋರ್ಟು 2022ರ ಸೆಪ್ಟೆಂಬರಿನಲ್ಲಿ ಪರಿಹಾರದ ನೀತಿ ರೂಪಿಸಿ ಎಂದು ಕೇಂದ್ರಕ್ಕೆ ಹೇಳಿತು, ಅದೂ ಸುಪ್ರೀಂ ಕೋರ್ಟಿನ ಮುಂದೆ ಹೋಯಿತು. ಆ ವರ್ಷ ನವೆಂಬರಿನಲ್ಲಿ ಕೇಂದ್ರ ಸಲ್ಲಿಸಿದ ಪ್ರಮಾಣಪತ್ರ ಓದತಕ್ಕದ್ದು. 219.86 ಕೋಟಿ ಡೋಸುಗಳಲ್ಲಿ ವರದಿಯಾದ ತೊಂದರೆಗಳು 92,114, ಅವುಗಳಲ್ಲಿ ಗಂಭೀರವಾದವು ಮತ್ತು ಸಾವುಗಳು ಸೇರಿ 2,782. ಈ ಎಲ್ಲವೂ ಲಸಿಕೆಯಿಂದಲೇ ಆದವೆಂದು ಅರ್ಥವಲ್ಲ. ಲಸಿಕೆ ಸ್ವಯಂಪ್ರೇರಿತ, ಕಡ್ಡಾಯವಿರಲಿಲ್ಲ, ಆದ್ದರಿಂದ ಸರ್ಕಾರ ಹೊಣೆಯಲ್ಲ, ನೊಂದವರು ಸಿವಿಲ್ ಅಥವಾ ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದು ಸರ್ಕಾರ ವಾದಿಸಿತು.

ಕಡ್ಡಾಯವಿರಲಿಲ್ಲ ಎಂಬುದು ಕಾಗದದ ಮಟ್ಟಿಗೆ ಸರಿ. ಆದರೆ ಲಸಿಕೆ ಹಾಕಿಸದವರಿಗೆ ಹಲವೆಡೆ ಪ್ರವೇಶವಿಲ್ಲವೆಂಬ ನಿರ್ಬಂಧಗಳಿದ್ದುದನ್ನು ಅದೇ ಸುಪ್ರೀಂ ಕೋರ್ಟು 2022ರ ಮೇ 2ರ ಜೇಕಬ್ ಪುಲಿಯೆಲ್ ತೀರ್ಪಿನಲ್ಲಿ ಪರಿಶೀಲಿಸಿ, ಅವು ಸಮಂಜಸವಲ್ಲ ಎಂದಿತ್ತು. ಇನ್ನು 2,782ರ ಸಂಖ್ಯೆ. ಲಸಿಕೆ ಸುರಕ್ಷಿತ ಎಂಬುದಕ್ಕೆ ಸರ್ಕಾರ ಅದನ್ನು ಮುಂದಿಟ್ಟಿತು, ಸರಿಯಾಗಿಯೇ. ನನಗೆ ಅದು ಇನ್ನೊಂದು ವಾದಕ್ಕೂ ಆಧಾರವಾಗಿ ಕಾಣುತ್ತದೆ: ಇಷ್ಟು ಕಡಿಮೆ ಮಂದಿಯೆಂದರೆ, ಅವರಲ್ಲಿ ಲಸಿಕೆಯಿಂದಲೇ ನೊಂದವರಿಗೆ ಕೊಡುವ ಪರಿಹಾರ ಬೊಕ್ಕಸಕ್ಕೆ ಎಷ್ಟು ಭಾರವಾದೀತು? ಕೊವ್ಯಾಕ್ಸ್ ಯೋಜನೆಯ ಮೂಲಕ 92 ಬಡ ಮತ್ತು ಮಧ್ಯಮ ಆದಾಯದ ದೇಶಗಳಿಗೆ ಹಂಚುವ ಲಸಿಕೆಗೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ತಪ್ಪು ಹುಡುಕದ ಪರಿಹಾರ ನಿಧಿಯೊಂದನ್ನು ಮಾಡಿತ್ತು. 2024ರ ಏಪ್ರಿಲ್‌ನಲ್ಲಿ, ತನ್ನ ಲಸಿಕೆ ತೀರಾ ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುವ ತೊಂದರೆ ತರಬಹುದೆಂದು ಆಸ್ಟ್ರಜೆನೆಕಾ ಕಂಪನಿ ಲಂಡನ್ನಿನ ನ್ಯಾಯಾಲಯಕ್ಕೆ ಕೊಟ್ಟ ದಾಖಲೆಯಲ್ಲಿ ಒಪ್ಪಿದೆಯೆಂಬ ಸುದ್ದಿ ಬಂದಾಗ ಇಲ್ಲಿ ಕೋವಿಶೀಲ್ಡ್ ಹಾಕಿಸಿಕೊಂಡವರೆಲ್ಲ ಗಾಬರಿಯಾದರು. ವೈದ್ಯರಿಗೆ ಅದು 2021ರಿಂದಲೇ ಗೊತ್ತಿದ್ದ ವಿಷಯ. ಜನರಿಗೆ ಮುಂಚೆಯೇ ಬಿಡಿಸಿ ಹೇಳಿದ್ದರೆ, ಹೀಗಾದವರಿಗೆ ಇಂತಿಷ್ಟು ಪರಿಹಾರವೆಂದು ಬರೆದಿಟ್ಟಿದ್ದರೆ, ಆ ಗಾಬರಿ ಅಷ್ಟು ದೊಡ್ಡದಾಗುತ್ತಿರಲಿಲ್ಲ.

ಮಲೆನಾಡಿನ ಲಸಿಕೆಯ ಕಥೆ ಅರ್ಧಕ್ಕೆ ನಿಂತಿತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ರೋಗದ ಪತ್ತೆಯಾಯಿತು. ಮೊದಲು ರಷ್ಯಾದ ಕಾಡುಗಳ ಸೋದರ ರೋಗವೊಂದಕ್ಕೆ ಮಾಡಿದ್ದ ಲಸಿಕೆಯನ್ನು ಇಲ್ಲಿ ಹಾಕಿ ನೋಡಿದರು, ಫಲಿಸಲಿಲ್ಲ. ಆಮೇಲೆ ಕೋಳಿ ಭ್ರೂಣದ ಜೀವಕೋಶಗಳಲ್ಲಿ ಕ್ಯಾಸನೂರಿನ ವೈರಸ್ಸನ್ನೇ ಬೆಳೆಸಿ, ಫಾರ್ಮಲಿನ್‌ನಿಂದ ಕೊಂದು ಮಾಡಿದ ಲಸಿಕೆ ಬಂತು. 1990ರಿಂದ 92ರವರೆಗಿನ ಪರೀಕ್ಷೆಯಲ್ಲಿ ಎರಡು ಡೋಸಿಗೆ ಶೇ 93.5ರಷ್ಟು ರಕ್ಷಣೆ ಕಂಡಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಶೇ 62.4ಕ್ಕೆ ಇಳಿದಿತ್ತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ರೋಗಕ್ಕೆ ತತ್ತರಿಸಿತು. ಲಸಿಕೆಯ ಶಕ್ತಿಯ ಬಗ್ಗೆ ಎದ್ದ ಪ್ರಶ್ನೆಗಳ ನಡುವೆ 2022ರಲ್ಲಿ ಅದರ ಬಳಕೆಯೇ ನಿಂತಿತು. ಕೈ ನೋಯಿಸಿಕೊಂಡು, ಕೂಲಿ ಬಿಟ್ಟು ಚುಚ್ಚಿಸಿಕೊಂಡವನಿಗೂ ಕಾಡಿನ ಉಣುಗು ಕಚ್ಚಿ ರೋಗ ಬಂದರೆ ಅದು ಯಾವ ಬಗೆಯ ಹಾನಿ? ಕಟರ್ ಪ್ರಕರಣದ ಜ್ಯೂರಿ ಹೇಳಿದ ಭರವಸೆಯ ಮೊದಲ ಅರ್ಧ, ಅಂದರೆ ಲಸಿಕೆ ರೋಗ ತಡೆಯುತ್ತದೆಂಬುದು, ಇಲ್ಲಿ ಮುರಿದಿದೆ. ಜರ್ಮನಿ, ಅಮೆರಿಕಗಳ ಪರಿಹಾರ ಯೋಜನೆಗಳು ಹುಟ್ಟಿದ್ದು ಚುಚ್ಚಿದ್ದರಿಂದ ಆದ ಗಾಯಕ್ಕೆ, ಕಾಯದೇ ಹೋದ ಮದ್ದಿಗೆ ಅಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸ ಹಿಡಿದಿವೆ. ಅದು ಬೇಗ ಬರಲಿ ಎಂದು ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದ ಕಾಡಂಚಿನವರು ಕಾಯುತ್ತಿದ್ದಾರೆ. ಮನುಷ್ಯರ ಮೇಲಿನ ಪರೀಕ್ಷೆಯಲ್ಲಿ ಅದನ್ನು ಚುಚ್ಚಿಸಿಕೊಳ್ಳುವ ಸ್ವಯಂಸೇವಕನಿಗೆ ಏನಾದರೂ ಆದರೆ ಚಿಕಿತ್ಸೆ ಯಾರು ಕೊಡಿಸಬೇಕು, ಪರಿಹಾರ ಯಾರು ಕೊಡಬೇಕು, ಎಷ್ಟು ದಿನದೊಳಗೆ ಎಂಬುದೆಲ್ಲ 2019ರ ನಿಯಮದಲ್ಲಿ ಬರೆದಿದೆ. ಪರೀಕ್ಷೆ ಮುಗಿದು, ಅದೇ ಮದ್ದು ಪರವಾನಗಿ ಪಡೆದು, ಅದೇ ಮಂಜುಗಡ್ಡೆಯ ಡಬ್ಬಿಯಲ್ಲಿ ಸೊರಬದ ಹಳ್ಳಿಗೆ ಬಂದು ಮೊದಲ ತೋಳಿಗೆ ಇಳಿಯುವ ದಿನ ಆ ನಿಯಮದ ಅಧಿಕಾರ ಮುಗಿದಿರುತ್ತದೆ.